ಹದಿಹರೆಯದ ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗೆಡ್ಡೆ: ಆಪರೇಶನ್ ಯಾವಾಗ ಬೇಕು?

ಹದಿನಾಲ್ಕು-ಹದಿನೈದು ವರ್ಷದ ಮಗಳಿಗೆ ಕಿಬ್ಬೊಟ್ಟೆ ನೋವು. ಸ್ಕ್ಯಾನಿಂಗ್ ಮಾಡಿಸಿದಾಗ ‘ಅಂಡಾಶಯದಲ್ಲಿ ಸಿಸ್ಟ್ ಇದೆ’ ಎಂದು ವರದಿ ಬರುತ್ತದೆ. ಮನೆಯವರಿಗೆ ಗಾಬರಿ. ಕ್ಯಾನ್ಸರ್ ಇರಬಹುದೇ? ಮುಂದೆ ಮದುವೆ, ಮಕ್ಕಳ ಗತಿಯೇನು? ಈ ಹೆದರಿಕೆಯಿಂದ ಕೆಲವರು ಅವಸರದಲ್ಲಿ ಆಪರೇಶನಿಗೆ ಒಪ್ಪುತ್ತಾರೆ. ಇನ್ನು ಕೆಲವರು ನಾಲ್ಕು ಜನರಿಗೆ ತಿಳಿಯಬಾರದೆಂದು ಮುಚ್ಚಿಟ್ಟು ದಿನ ದೂಡುತ್ತಾರೆ. ಎರಡೂ ಸರಿಯಲ್ಲ.

ಸಿಸ್ಟ್ ಎಂದರೇನು?

ಗರ್ಭಕೋಶದ ಎರಡು ಪಕ್ಕಗಳಲ್ಲಿ ಒಂದೊಂದು ಅಂಡಾಶಯವಿದೆ. ಗಾತ್ರದಲ್ಲಿ ಸುಲಿದ ಅಡಿಕೆಗಿಂತ ತುಸು ದೊಡ್ಡದು. ಮುಟ್ಟು ಆರಂಭವಾದ ಮೇಲೆ ಪ್ರತಿ ತಿಂಗಳೂ ಅದರಲ್ಲಿ ಒಂದು ನೀರುಗುಳ್ಳೆ ಬೆಳೆದು, ಒಡೆದು, ಅಂಡಾಣು ಹೊರಬರುತ್ತದೆ. ಕೆಲವೊಮ್ಮೆ ಗುಳ್ಳೆ ಒಡೆಯದೆ ದೊಡ್ಡದಾಗುತ್ತದೆ. 3 ಸೆಂಟಿಮೀಟರ್ ಮೀರಿದರೆ ಅದನ್ನು ಸಿಸ್ಟ್ ಎನ್ನುತ್ತಾರೆ. ಮುಟ್ಟು ಇನ್ನೂ ಕ್ರಮಕ್ಕೆ ಬಾರದ ವಯಸ್ಸಿನಲ್ಲಿ ಇದು ಸಾಮಾನ್ಯ. ಬರೀ ನೀರು ತುಂಬಿದ ಇಂಥ ಸಿಸ್ಟ್‌ಗಳು ಹೆಚ್ಚಾಗಿ ಎರಡು-ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ವೈದ್ಯರು ಹೇಳಿದ ದಿನ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು.

ವರದಿಯಲ್ಲಿ ‘ಪಿ.ಸಿ.ಒ.ಡಿ.’ ಎಂದಿದ್ದರೆ ಅದು ಬೇರೆಯೇ ವಿಷಯ. ಅದು ಹಾರ್ಮೋನಿನ ಏರುಪೇರು, ಕೊಯ್ದು ತೆಗೆಯುವ ಗೆಡ್ಡೆಯಲ್ಲ.

ಆಪರೇಶನ್ ಬೇಕಾಗುವುದು ಯಾವಾಗ?

ಸಿಸ್ಟ್ ಕರಗದೆ ಬೆಳೆಯುತ್ತಾ ಹೋದರೆ, ನೋವು ನಿಲ್ಲದಿದ್ದರೆ, ಒಳಗೆ ಗಟ್ಟಿ ಭಾಗ ಕಂಡರೆ ಆಪರೇಶನ್ ಬೇಕಾಗಬಹುದು. ಈ ವಯಸ್ಸಿನಲ್ಲಿ ಕಾಣುವ ಗಟ್ಟಿ ಗೆಡ್ಡೆಗಳಲ್ಲಿ ‘ಡರ್ಮಾಯ್ಡ್’ ಮುಖ್ಯವಾದದ್ದು. ಅಂಡಾಣುವಿನ ಜೀವಕೋಶದಿಂದಲೇ ಬೆಳೆಯುವ ಇದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಇದು ಮಾಟವಲ್ಲ, ಹುಡುಗಿಯ ನಡತೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ತಾನಾಗಿ ಕರಗುವುದಿಲ್ಲ.

ಕ್ಯಾನ್ಸರ್ ಗೆಡ್ಡೆ ಈ ವಯಸ್ಸಿನಲ್ಲಿ ವಿರಳ. ಸಂಶಯವಿದ್ದರೆ ಆಪರೇಶನಿಗೆ ಮೊದಲು ಎ.ಎಫ್.ಪಿ. ಮುಂತಾದ ರಕ್ತಪರೀಕ್ಷೆ ಮಾಡುತ್ತಾರೆ.

ಕ್ಯಾನ್ಸರಿನ ಸಂಶಯವಿಲ್ಲದಿದ್ದರೆ ಗೆಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು ಅಂಡಾಶಯವನ್ನು ಉಳಿಸುವುದೇ ಇಂದಿನ ಕ್ರಮ. ಹೆಚ್ಚಿನ ಕಡೆ ಲ್ಯಾಪರೊಸ್ಕೋಪಿಯಿಂದ, ಅಂದರೆ ಹೊಟ್ಟೆಯಲ್ಲಿ 5ರಿಂದ 10 ಮಿಲಿಮೀಟರಿನ ಮೂರು-ನಾಲ್ಕು ಸಣ್ಣ ತೂತುಗಳ ಮೂಲಕ ಇದನ್ನು ಮಾಡುತ್ತಾರೆ. ಗೆಡ್ಡೆ ತುಂಬಾ ದೊಡ್ಡದಿದ್ದರೆ ಹೊಟ್ಟೆ ತೆರೆಯಬೇಕಾದೀತು.

ತಡಮಾಡಬಾರದ ನೋವು

ತೋಟಕ್ಕೆ ನೀರು ಬಿಡುವ ಪೈಪು ತಿರುಚಿಕೊಂಡರೆ ಮುಂದಿನ ಗಿಡಗಳಿಗೆ ನೀರಿಲ್ಲ. ಹಾಗೆಯೇ ಗೆಡ್ಡೆಯ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದಿಲ್ಲ. ಆಗ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ಜತೆಗೆ ವಾಂತಿ. ನೋವು ಬಂದು ಹೋಗಿ ಮಾಡುವುದೂ ಉಂಟು. ಬಲಭಾಗದಲ್ಲಿದ್ದರೆ ಅಪೆಂಡಿಸೈಟಿಸ್ ಎಂದು ತೋರಬಹುದು. ಮುಟ್ಟಿನ ನೋವೆಂದು ಓಮದ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯುವಲ್ಲಿಯೇ ಅಂಡಾಶಯ ಕೈತಪ್ಪುತ್ತದೆ. ಇಲ್ಲಿ ಗಂಟೆಗಳ ಲೆಕ್ಕ.

ನಮ್ಮ ಕಾಸರಗೋಡಿನ ಒಳಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆ ದಾರಿ ದೂರ. ಹಲವರಿಗೆ ಮಂಗಳೂರೇ ಗತಿ. ಆದ್ದರಿಂದ ರಾತ್ರಿಯಾದರೂ ಹೊರಡಬೇಕು. ಸ್ಕ್ಯಾನಿಂಗ್ ಮತ್ತು ಆಪರೇಶನ್ ಎರಡೂ ಆಗುವ ಆಸ್ಪತ್ರೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ದಾರಿಯಲ್ಲಿ ತಿನ್ನಲು, ಕುಡಿಯಲು ಕೊಡಬೇಡಿ, ಅರಿವಳಿಕೆ ಕೊಡಬೇಕಾದೀತು.

ತಿರುಚಿ ಕಪ್ಪಾದ ಅಂಡಾಶಯ ಸತ್ತಿದೆಯೆಂದು ಹಿಂದೆ ತೆಗೆದುಹಾಕುತ್ತಿದ್ದರು. ಆದರೆ ತಿರುಚು ಬಿಡಿಸಿದರೆ ಅಂಥವೂ ಹೆಚ್ಚಾಗಿ ಚೇತರಿಸಿಕೊಳ್ಳುತ್ತವೆ. ಹದಿಹರೆಯದವರಲ್ಲಿ ಬಣ್ಣ ನೋಡಿ ತೆಗೆಯಬಾರದು, ತಿರುಚು ಬಿಡಿಸಿ ಉಳಿಸಬೇಕು ಎಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ ಸಲಹೆ ನೀಡಿದೆ.

ಸಹಿ ಹಾಕುವ ಮೊದಲು ಕೇಳಿ

1. ಗೆಡ್ಡೆ ಎಷ್ಟು ಸೆಂಟಿಮೀಟರ್? ನೀರೋ, ಗಟ್ಟಿಯೋ?
2. ಕಾದು ನೋಡಬಹುದೇ?
3. ಅಂಡಾಶಯ ಉಳಿಯುತ್ತದೆಯೇ? ಇಲ್ಲವಾದರೆ ಏಕೆ?
4. ತೆಗೆದ ಗೆಡ್ಡೆಯನ್ನು ಪರೀಕ್ಷೆಗೆ ಕಳುಹಿಸುತ್ತೀರಾ?

ಮಗಳು ಹದಿನೆಂಟು ತುಂಬದವಳಾದರೆ ಸಹಿ ತಂದೆತಾಯಿಯದು. ಆದರೂ ಅವಳಿಗೂ ವಿಷಯ ತಿಳಿಸಿ.

ಆಪರೇಶನಿನ ನಂತರ ವೈದ್ಯರು ಒಪ್ಪುವವರೆಗೆ ನೀರಿನ ಕೊಡ, ಹುಲ್ಲಿನ ಹೊರೆ, ಅಡಿಕೆ ಗೋಣಿ ಎತ್ತಿಸಬೇಡಿ. ಗೆಡ್ಡೆ ಮರಳಿ ಬರುವುದುಂಟು. ಹೇಳಿದ ಸಮಯಕ್ಕೆ ತಪ್ಪದೆ ತೋರಿಸಿ.

ಒಂದು ವೇಳೆ ಒಂದು ಅಂಡಾಶಯ ಹೋದರೂ, ಇನ್ನೊಂದು ಚೆನ್ನಾಗಿದ್ದರೆ ಮುಟ್ಟು ಬರುತ್ತದೆ, ಮುಂದೆ ಮಕ್ಕಳಾಗುತ್ತವೆ. ತಾಯಂದಿರೇ, ಮಗಳು ಹೊಟ್ಟೆನೋವೆಂದು ಹೇಳಿದಾಗ ನಾಚಿಕೆಗೆ ಬಾಯಿ ಮುಚ್ಚಿಸಬೇಡಿ. ಅವಳು ಹೇಳಿದರೆ ಮಾತ್ರ ನಮಗೆ ತಿಳಿಯುವ ಕಾಯಿಲೆ ಇದು.