ಕಂಠೀರವದಿಂದ ಕಂಠೀರವಕ್ಕೆ

ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಲಾರಿಗಳ ಸಾಲು ಮುಗಿಯುವುದೇ ಇಲ್ಲ. 2018ರ ನವೆಂಬರ್ 26ರ ಸೋಮವಾರ ಮಾತ್ರ ಅಲ್ಲಿ ಲಾರಿಗೆ ಜಾಗವಿರಲಿಲ್ಲ, ಬರೀ ಜನ. ಕಂಠೀರವ ಕ್ರೀಡಾಂಗಣದಿಂದ ಹೊರಟು, ಯಶವಂತಪುರ ಹಾದು, ಕಂಠೀರವ ಸ್ಟುಡಿಯೋ ಕಡೆಗೆ ಹೂವಿನ ವಾಹನ ತೆವಳುತ್ತಿತ್ತು. ಒಳಗೆ ನಟ ಅಂಬರೀಶ್ ಅವರ ಪಾರ್ಥಿವ ಶರೀರ. ಹಿಂದಿನ ದಿನವಷ್ಟೇ ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಒಯ್ದು, ಊರವರಿಗೆ ಮುಖ ತೋರಿಸಿ ತಂದಿದ್ದರು. ಅಲ್ಲಿಂದ ಹೊರಡುವಾಗ ಪತ್ನಿ ಸುಮಲತಾ ಅಂಬರೀಶ್ ಹಣೆಗೆ ಹಚ್ಚಿದ್ದು ಮಂಡ್ಯದ ಮಣ್ಣು.

1972ರ 'ನಾಗರಹಾವು' ಚಿತ್ರದಲ್ಲಿ ಅಂಬರೀಶ್ ಮಾಡಿದ ಜಲೀಲನ ಪಾತ್ರಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ದೃಶ್ಯ. 'ಬುಲ್‌ಬುಲ್' ಎಂಬ ಒಂದು ಪದ ಹುಡುಗನನ್ನು ಎತ್ತಿಕೊಂಡು ಹೋಯಿತು. ಆಮೇಲೆ 46 ವರ್ಷದಲ್ಲಿ 200ಕ್ಕೂ ಹೆಚ್ಚು ಚಿತ್ರ. ಅಂದರೆ ಮೂರು ತಿಂಗಳಿಗೆ ಒಂದು ಅಂತ ಹಿಡಿದರೂ ಲೆಕ್ಕ ಕಡಿಮೆಯೇ. ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದ ಚೌಡಯ್ಯನವರ ಮೊಮ್ಮಗ ಈತ. ಇದ್ದದ್ದು ಸಾಲದು ಅನ್ನುವುದು ಮನೆತನದ ಗುಣವಿರಬೇಕು!

ರಾಜಕೀಯದ ಅಂಕಿಗಳು ಇನ್ನೂ ವಿಚಿತ್ರ. 1998ರಲ್ಲಿ ಜನತಾದಳದಿಂದ ನಿಂತು ಮಂಡ್ಯ ಲೋಕಸಭಾ ಕ್ಷೇತ್ರವನ್ನು ಸುಮಾರು 1 ಲಕ್ಷ 80 ಸಾವಿರ ಮತಗಳ ಅಂತರದಲ್ಲಿ ಗೆದ್ದರು. 1999, 2004ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. 2006ರ ಅಕ್ಟೋಬರಿನಲ್ಲಿ ಕೇಂದ್ರ ಮಂತ್ರಿ. 2007ರ ಫೆಬ್ರವರಿ 5ರಂದು ಕಾವೇರಿ ನ್ಯಾಯಮಂಡಳಿ ತೀರ್ಪು ಬಂತು: 740 ಟಿಎಂಸಿಯಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಕಬ್ಬಿನ ಗದ್ದೆಗೆ ನಾಲೆಯನ್ನೇ ನಂಬಿದ ಮಂಡ್ಯದ ರೈತನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅಂಬರೀಶ್ ನಾಲ್ಕು ತಿಂಗಳೂ ತುಂಬದ ಮಂತ್ರಿಗಿರಿಗೆ ರಾಜೀನಾಮೆ ಬರೆದರು.

ಅಷ್ಟಾಗಿಯೂ ಅದೇ ಮಂಡ್ಯ 2009ರಲ್ಲಿ ಅವರನ್ನು 23 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿತು. ಶಿಳ್ಳೆ ಬೇರೆ, ಮತ ಬೇರೆ. 'ಮಂಡ್ಯದ ಗಂಡು' ಎಂದು ಹೆಗಲ ಮೇಲೆ ಹೊತ್ತವರೇ ಕೆಳಗಿಳಿಸಿದರು. 2013ರಲ್ಲಿ ವಿಧಾನಸಭೆಗೆ ಕಳಿಸಿ ವಸತಿ ಸಚಿವರಾಗುವುದನ್ನೂ ನೋಡಿದರು.

ಕಂಠೀರವ ಸ್ಟುಡಿಯೋದಲ್ಲಿ ಚಿತೆ ಆರಿ ಐದು ತಿಂಗಳಿಗೆ ಮಂಡ್ಯದಲ್ಲಿ ಲೋಕಸಭಾ ಚುನಾವಣೆ. ಸುಮಲತಾ ಪಕ್ಷೇತರ. ಬಿಜೆಪಿ ಬೆಂಬಲವಿತ್ತು ನಿಜ, ಆದರೆ ಎದುರಾಳಿ ಅಂದಿನ ಮುಖ್ಯಮಂತ್ರಿಯ ಮಗ. ಸಾಲದ್ದಕ್ಕೆ ಕಣದಲ್ಲಿ ಸುಮಲತಾ ಹೆಸರಿನವರೇ ಇನ್ನೂ ಮೂವರು. ಮತದಾರ ತಡವರಿಸಲಿಲ್ಲ: ಕಹಳೆ ಊದುವ ರೈತನ ಗುರುತಿಗೆ 7,03,660 ಮತ, ಗೆಲುವಿನ ಅಂತರ 1,25,876.

ಮತಯಂತ್ರದಲ್ಲಿ ಅಂಬರೀಶ್ ಹೆಸರು ಇರಲಿಲ್ಲ. ಆದರೂ ಅದು ಅವರದೇ ಚುನಾವಣೆ.