ರಾಗಿಯ ಎರಡನೆಯ ಪರೀಕ್ಷೆ

ಭತ್ತಕ್ಕೂ ರಾಗಿಗೂ ಜಗಳ. ತೀರ್ಪು ಹೇಳಬೇಕಾದವನು ಶ್ರೀರಾಮ. 16ನೇ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆ ಇದು. ತಾನೇ ಶ್ರೇಷ್ಠ ಎಂಬ ವಾದ ಬಗೆಹರಿಯದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಭತ್ತ ಕಳೆಗುಂದಿತ್ತು. ನರೆದಲೆಗ, ಅಂದರೆ ರಾಗಿ, ಗಟ್ಟಿಯಾಗಿಯೇ ಇತ್ತು. ಗೆಲುವು ಅದರದಾಯಿತು.

ಕಥೆ ಕಲ್ಪನೆಯದಾದರೂ ಪರೀಕ್ಷೆ ರೈತರ ಅನುಭವದ್ದು. ರಾಗಿಗೆ ಹುಳದ ಕಾಟ ಕಡಿಮೆ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೆಲದಡಿಯ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಗೇವು ತೆರೆದರೆ ಮನೆಮಂದಿಯ ಹೊಟ್ಟೆ ತುಂಬುತ್ತಿತ್ತು, ಹುಲ್ಲು ದನಕರುಗಳಿಗಾಗುತ್ತಿತ್ತು. ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದುದರಿಂದ ಮುದ್ದೆಯ ಜೊತೆಗೆ ಸಾರಿಗೂ ದಾರಿಯಿತ್ತು.

ಇಷ್ಟು ನಮ್ಮದಾದ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅದು ಭಾರತಕ್ಕೆ ಬಂದು ಸಹಸ್ರಾರು ವರ್ಷಗಳಾಗಿವೆ. ಆ ಹಳೆಯ ನಂಟನ್ನು ಮತ್ತೆ ಬೆಸೆದವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯ. ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಅವರು ಸೃಷ್ಟಿಸಿದ ‘ಇಂಡಾಫ್’ ತಳಿಗಳು ಇಳುವರಿಯನ್ನು ಹೆಚ್ಚಿಸಿದವು. ‘ರಾಗಿ ಬ್ರಹ್ಮ’ ಎಂಬ ಬಿರುದು ಅವರಿಗೆ ಸಂದಿತು.

ಇಷ್ಟಾದರೂ ರಾಗಿ ಊಟದ ತಟ್ಟೆಯಿಂದ ಹಿಂದೆ ಸರಿದದ್ದೇಕೆ? ಧಾನ್ಯದಲ್ಲಿ ದೋಷವಿರಲಿಲ್ಲ. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದ ಮೇಲೆ ಸರ್ಕಾರ ಮುಖ್ಯವಾಗಿ ಖರೀದಿಸಿದ್ದು ಗೋಧಿ ಮತ್ತು ಅಕ್ಕಿಯನ್ನು. ಪಡಿತರ ಅಂಗಡಿಗಳಲ್ಲಿ ಸಿಕ್ಕಿದ್ದೂ ಅವೇ. ಅಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟರೆ ಸಾಕು. ರಾಗಿಯನ್ನು ಕೇರಿ, ಬೀಸಿ, ಮುದ್ದೆ ತೊಳಸಬೇಕು. ಆ ಶ್ರಮ ಹೆಚ್ಚಾಗಿ ಹೆಂಗಸರ ಪಾಲಿನದು. ಅನ್ನ ಸ್ಥಿತಿವಂತರ ಊಟ ಎಂಬ ಭಾವನೆಯೂ ಸೇರಿ ಮುದ್ದೆ ಬಡತನದ ಗುರುತಾಯಿತು.

ಈಗ ಗಾಳಿ ತಿರುಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಗಿ ಬಿಸ್ಕತ್ತು, ರಾಗಿ ಮಾಲ್ಟ್ ನಗರದ ಅಂಗಡಿಗಳಲ್ಲಿ ಹೊಳೆಯುವ ಪೊಟ್ಟಣಗಳಲ್ಲಿ ಕುಳಿತಿವೆ. ಆದರೆ ಕೂಲಿಕಾರರ ಮನೆಯಲ್ಲಿ ರಾಗಿಗೆ ಎದುರಾಳಿ ಪಡಿತರದ ಅಕ್ಕಿ. ಅದು 2023ರ ಜನವರಿಯಿಂದ ಪೂರ್ಣ ಉಚಿತ.

ಬೆಲೆ ಏರಿದರೆ ಬೆಳೆಗಾರನಿಗೆ ಲಾಭ, ಕೊಳ್ಳುವ ಬಡವನಿಗೆ ಹೊರೆ. ಈ ತೊಡಕು ಬಿಡಿಸುವ ದಾರಿ ಕರ್ನಾಟಕಕ್ಕೆ ಹೊಸದಲ್ಲ. ಸರ್ಕಾರ ಬೆಂಬಲ ಬೆಲೆಯಲ್ಲಿ ರಾಗಿ ಖರೀದಿಸಿ ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಹಂಚಿದೆ. ಉತ್ತರದಲ್ಲಿ ಜೋಳ ಹಂಚಿದೆ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಬೆಳೆದವನಿಗೆ ಈ ಬೆಲೆ ಸಿಕ್ಕಿ, ಅದೇ ಸೀಮೆಯ ಪಡಿತರ ಚೀಟಿದಾರರಿಗೆ ಆ ರಾಗಿ ತಪ್ಪದೆ ತಲುಪಿದರೆ ಇಬ್ಬರೂ ಉಳಿಯುತ್ತಾರೆ. ಖರೀದಿ ಕುಗ್ಗಿದರೆ ಹಂಚಲು ದಾಸ್ತಾನೂ ಇರುವುದಿಲ್ಲ.

ಸೆರೆಮನೆಯ ಪರೀಕ್ಷೆಯಲ್ಲಿ ರಾಗಿ ಎಂದೋ ಗೆದ್ದಿದೆ. ಎರಡನೆಯ ಪರೀಕ್ಷೆ ನಡೆಯುತ್ತಿರುವುದು ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ.