ಎಂಟರಲ್ಲಿ ಐದು: ಸಣ್ಣ ಕಚೇರಿಯ ಸ್ಥಿರ ವಿಳಾಸಗಳು

ಜತ್ತ ತಾಲೂಕಿನ ತಿಕೋಂಡಿಯಂತಹ ಗಡಿಗ್ರಾಮದ ರೈತನಿಗೂ ಇಂದು ಸಾತಬಾರಾ ಉತಾರೆ ಅಂತರ್ಜಾಲದಲ್ಲಿಯೇ ದೊರೆಯುತ್ತದೆ. ಅರ್ಜಿ ತುಂಬಿಕೊಡುವ ಸಣ್ಣ ಕಚೇರಿಯಲ್ಲಿ ನಾಲ್ಕು ಗಣಕಯಂತ್ರಗಳಿದ್ದರೂ ಹೊರಗೆ ಕಾಣುವುದು ಸಾಮಾನ್ಯವಾಗಿ ರೂಟರಿನ ಒಂದೇ ಐಪಿ ವಿಳಾಸ. ಅರ್ಜಿಯೊಂದರ ಮೇಲೆ ತಕರಾರು ಎದ್ದರೆ ಆ ವಿಳಾಸವು ಕಚೇರಿಯನ್ನು ತೋರಿಸುತ್ತದೆ, ಯಂತ್ರವನ್ನಲ್ಲ; ಸಂಶಯ ನಾಲ್ವರ ಮೇಲೂ ಬೀಳುತ್ತದೆ.

ಸೇವೆ ಒದಗಿಸುವ ಕಂಪನಿಯಿಂದ ಎಂಟು ಸ್ಥಿರ ವಿಳಾಸಗಳ ಗುಂಪನ್ನು ಪಡೆಯುವುದು ಇದಕ್ಕೊಂದು ಉಪಾಯ. ಎಂಟರಲ್ಲಿ ಕೈಗೆ ದಕ್ಕುವವು ಐದೇ. ಮೊದಲನೆಯದು ಜಾಲವನ್ನು ಗುರುತಿಸಲು, ಕೊನೆಯದು ಎಲ್ಲ ಯಂತ್ರಗಳಿಗೂ ಒಮ್ಮೆಲೇ ಸಂದೇಶ ಕಳಿಸಲು, ಮತ್ತೊಂದು ಕಂಪನಿಯ ಗೇಟ್‌ವೇಗೆ ಮೀಸಲು. ಐದರಲ್ಲಿ ಒಂದು ರೂಟರಿಗೆ. ಉಳಿದ ನಾಲ್ಕನ್ನು ಯಂತ್ರಕ್ಕೊಂದರಂತೆ ರೂಟರಿನಲ್ಲಿ ಜೋಡಿಸಬೇಕು. ಮಾಸ್ಕ್ 255.255.255.248.

ಎಡವುವುದು ಇದರ ಮುಂದೆ. ಯಂತ್ರಗಳ ಒಳವಿಳಾಸಗಳನ್ನೂ ಕಾಯ್ದಿರಿಸದಿದ್ದರೆ, ವಿದ್ಯುತ್ ಹೋಗಿ ಬಂದಾಗ ರೂಟರು ಅವನ್ನು ಅದಲುಬದಲಾಗಿ ಹಂಚಬಹುದು. ಒಬ್ಬರು ಕಳಿಸಿದ ಅರ್ಜಿ ಇನ್ನೊಬ್ಬರ ತಲೆಗೆ ಬಂದೀತು. ರೂಟರಿನ ಗಡಿಯಾರವೂ ಹಿಂದೆ ಸರಿಯುವುದುಂಟು. ಅದನ್ನು ಅಂತರ್ಜಾಲದ ವೇಳೆಗೆ ಹೊಂದಿಸಿಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ, ಅದರಲ್ಲಿ ಸಾಧನದ ವಿವರವನ್ನೂ ಕೇಳುತ್ತದೆ. ವಿಳಾಸವು ಯಂತ್ರವನ್ನಷ್ಟೇ ಹೇಳೀತು. ಆ ಹೊತ್ತಿನಲ್ಲಿ ಅದರ ಮುಂದೆ ಕುಳಿತವರಾರೆಂಬುದಕ್ಕೆ ಮೇಜಿನ ಮೇಲಿನ ಹಾಜರಿ ಪುಸ್ತಕವನ್ನೇ ತೆರೆಯಬೇಕು.